ಹೊಡೆದರೆ ನಡೆಯುವ ಪ್ರಿಂಟರ್

ಕುರ್ಲಾ ಸ್ಟೇಷನ್ನಿನ ಹೊರಗೆ ನನ್ನದೊಂದು ಝೆರಾಕ್ಸ್ ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತು; ಇಬ್ಬರು ಒಳಗೆ ನಿಂತರೆ ಮೂರನೆಯವನು ಫುಟ್‌ಪಾತಿನಲ್ಲೇ ಇರಬೇಕು. ಆ ಇಬ್ಬರು ನಾನು ಮತ್ತು ನನ್ನ ತಮ್ಮ. ಅವ್ವ ತೀರಿಕೊಂಡ ಮೇಲೆ ಅವನನ್ನು ಬಾಗಲಕೋಟೆ ಕಡೆಯಿಂದ ಕರೆತಂದು, ಕೆಲಸ ಕಲಿಸಿ, ಮದುವೆ ಮಾಡಿದವನು ನಾನೇ. ಅದಕ್ಕೇ ಅವನನ್ನು ಹೊಡೆಯುವ ಹಕ್ಕೂ ನನ್ನದೇ ಎಂದು ತಿಳಿದಿದ್ದೆ. ಮೂವತ್ತು ದಾಟಿದ ಗಂಡಸಿನ ತಲೆಗೆ ಗಿರಾಕಿಗಳ ಎದುರೇ ಮೊಟಕುತ್ತಿದ್ದೆ. ಅವನು ತಲೆ ಸವರಿಕೊಂಡು ಕೆಲಸ ಮುಂದುವರಿಸುತ್ತಿದ್ದ.

ನಮ್ಮ ಹಳೆಯ ಇಂಕ್‌ಜೆಟ್ ಪ್ರಿಂಟರ್‌ಗೂ ಅದೇ ಉಪಚಾರ. ಕಾಗದ ಎಳೆಯದಿದ್ದರೆ ಬೆನ್ನಿಗೊಂದು ಗುದ್ದು, ಬಣ್ಣ ಬಿಡದಿದ್ದರೆ ಪಕ್ಕೆಗೆರಡು. ನಡೆಯುತ್ತಿತ್ತು. ಖಾಲಿಯಾದ ಕಾರ್ಟ್ರಿಜ್‌ಗೆ ತಮ್ಮ ಸಿರಿಂಜಿನಿಂದ ಇಂಕ್ ತುಂಬುತ್ತಿದ್ದ. ಇದರ ಸಹವಾಸ ಸಾಕು, ಬಾಟಲಿಯಿಂದ ಇಂಕ್ ಸುರಿಯುವ ಟ್ಯಾಂಕಿನ ಪ್ರಿಂಟರ್ ತರೋಣ ಎಂದು ಅವನು ವರ್ಷದಿಂದ ಹೇಳುತ್ತಿದ್ದ. ಕೇಳಿದರೇ ನನಗೆ ಮೈ ಉರಿಯುತ್ತಿತ್ತು. ಹೊಸದು ಬಂದರೆ ಅವನ ಮಾತು ನಡೆದಂತೆ, ರಿಪೇರಿಯಾದರೆ ನನ್ನ ಮಾತು. ನನ್ನ ಹಟದ ಹಿಂದೆ ಬೇರೆ ಘನವಾದ ಕಾರಣವೇನೂ ಇರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಜನ ಒತ್ತಿಕೊಂಡಿದ್ದರು. ಒಬ್ಬ ಹುಡುಗಿಯ ಹಾಲ್ ಟಿಕೆಟನ್ನು ಅರ್ಧ ಹೊರಗೆ ಬಿಟ್ಟು ಪ್ರಿಂಟರ್ ಕರಕರ ಎನ್ನತೊಡಗಿತು. ಗುದ್ದಿದೆ. ಶಬ್ದ ಹೆಚ್ಚಾಯಿತು. ಮತ್ತೂ ಜೋರಾಗಿ ಗುದ್ದಿದೆ. ಹುಡುಗಿ ಪರೀಕ್ಷೆಗೆ ಹೊತ್ತಾಯಿತೆಂದು ಅಳುವಂತಾಗಿದ್ದಳು. ಹಿಂದಿನವರು ಹಿಂದಿಯಲ್ಲಿ ಬೈಯುತ್ತಿದ್ದರು.

ತಮ್ಮ ನನ್ನ ಮುಂಗೈ ಹಿಡಿದ. "ಹೊಡಿಬ್ಯಾಡಣ್ಣಾ. ಒಳಗ ಏನೋ ಸಿಕ್ಕೊಂಡೈತಿ."

ನನ್ನ ಕೈ ಹಿಡಿದನಲ್ಲ, ಅಲ್ಲಿಗೆ ಪಿತ್ತ ನೆತ್ತಿಗೇರಿತು. ಸಿರಿಂಜ್ ಚುಚ್ಚಿ ಚುಚ್ಚಿ ಹಾಳು ಮಾಡಿದ್ದು ನೀನೇ, ಹೊಸದು ಕೊಡಿಸಿಕೊಳ್ಳಲಿಕ್ಕೆ ಬೇಕಂತಲೇ ಕೆಡಿಸಿದ್ದೀ ಎಂದು ಕೂಗಾಡಿದೆ. ಪ್ರಿಂಟರ್ ಮೇಲಿನ ಮುಚ್ಚಳ ಮೊದಲೇ ಸಡಿಲವಾಗಿತ್ತು. ಅದನ್ನು ಕಿತ್ತು ಅವನ ಮುಖಕ್ಕೆ ಬೀಸಿದೆ. ಅಂಚು ಹುಬ್ಬಿಗೆ ತಗುಲಿ ಚರ್ಮ ಸೀಳಿತು. ಅವನು ಕೌಂಟರ್ ಹಿಡಿದು ಬಗ್ಗಿದ. ರಕ್ತ ಬಿಳಿ ಕಾಗದದ ಕಟ್ಟಿನ ಮೇಲೆ ತೊಟ್ಟಿಕ್ಕಿತು. ಬಗ್ಗಿದವನ ಬೆನ್ನಿಗೆ ಇನ್ನೊಂದು ಗುದ್ದಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಗುದ್ದಿದ್ದು ನಿಜ. ಗಿರಾಕಿಗಳೇ ನನ್ನನ್ನು ಹಿಡಿದೆಳೆದರು.

ಮುನಿಸಿಪಲ್ ಆಸ್ಪತ್ರೆಯಲ್ಲಿ ಆರು ಹೊಲಿಗೆ ಬಿದ್ದವು. ಶಟರ್ ಬಡಿಯಿತು ಎಂದು ಡಾಕ್ಟರಿಗೆ ಅವನೇ ಹೇಳಿದ. ಮಾರನೆಯ ದಿನ ಅಂಗಡಿಗೆ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಎರಡು ಹೊತ್ತು ಮುನಿಸಿಕೊಂಡು ತಾನಾಗಿ ಬರುವವನು ಅವನು. ಈ ಸಲ ಫೋನೂ ಎತ್ತಲಿಲ್ಲ. ನನಗೆ ಹೆದರಿಕೆ ಶುರುವಾಯಿತು. ಈ ಊರಲ್ಲಿ ನನ್ನವನು ಅಂತ ಇದ್ದದ್ದು ಅವನೊಬ್ಬನೇ.

ತಪ್ಪು ಅವನದೇ ಎಂದು ಸಾಬೀತು ಮಾಡಿ, ಆಮೇಲೆ ದೊಡ್ಡ ಮನಸ್ಸಿನಿಂದ ಕ್ಷಮಿಸೋಣ ಎಂದುಕೊಂಡು ಪ್ರಿಂಟರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬೈಕುಲ್ಲಾದ ಒಬ್ಬ ರಿಪೇರಿ ಮಿಸ್ತ್ರಿಯ ಹತ್ತಿರ ಹೋದೆ. ಅವನು ಸ್ಕ್ರೂ ಬಿಚ್ಚಿ ಕಾಗದ ಎಳೆಯುವ ಭಾಗವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಹಳದಿ ಅಕ್ಕಿಕಾಳು ಉದುರಿದವು. ಇನ್ನೊಂದು ಕಾಳು ಗಿಯರ್ ಚಕ್ರದ ಹಲ್ಲುಗಳ ನಡುವೆ ಕಚ್ಚಿಕೊಂಡು ಪುಡಿಯಾಗಿತ್ತು. ಇದೇನು ಎಂದು ಅವನು ಕೇಳಿದ. ನಾನು ಒಂದು ಕಾಳನ್ನು ಬೆರಳಲ್ಲಿ ಎತ್ತಿಕೊಂಡೆ.

ಖಂಡೇನವಮಿಯ ಆಯುಧಪೂಜೆ ನಮ್ಮಲ್ಲಿ ಮನೆಯ ಹಿರಿಯನೇ ಮಾಡಬೇಕು. ಕಿರಿಯರು ತಟ್ಟೆ ಹಿಡಿದು ನಿಲ್ಲುತ್ತಾರೆ, ಅಷ್ಟೇ. ಆ ವರ್ಷವೂ, ಆ ಸೋಮವಾರಕ್ಕೆ ಕೆಲವೇ ದಿನ ಮೊದಲು, ಪ್ರಿಂಟರ್‌ಗೆ ಕುಂಕುಮ ಹಚ್ಚಿ, ಅರಿಶಿನದ ಅಕ್ಷತೆಯನ್ನು ಹಿಡಿ ತುಂಬ ಎರಚಿದವನು ನಾನು. ಹಿಂಬದಿಯಲ್ಲಿ ಕಾಗದ ಇಡುವ ಬಾಯಿ ಮುಚ್ಚಿದೆಯೇ ಎಂದು ನೋಡಿರಲಿಲ್ಲ. ಆಮೇಲೆ ಗುದ್ದಿ ಗುದ್ದಿ ಕಾಳುಗಳನ್ನು ಗಿಯರಿನೊಳಗೆ ಇಳಿಸಿದವನೂ ನಾನೇ. ಸಿರಿಂಜಿನ ಇಂಕಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದ ಮಿಸ್ತ್ರಿ. ನಿಮ್ಮ ಗುದ್ದಿಗೆ ಒಳಗಿನ ಚೌಕಟ್ಟು ಸೀಳಿದೆ, ಇದಕ್ಕೆ ದುಡ್ಡು ಹಾಕಬೇಡಿ, ಟ್ಯಾಂಕಿನದು ತಗೊಳ್ಳಿ ಎಂದ. ತಮ್ಮ ವರ್ಷದಿಂದ ಹೇಳಿದ್ದನ್ನೇ ಹೇಳಿದ.

ಹಳೆಯದನ್ನು ಅಲ್ಲೇ ಬಿಟ್ಟು ಹೊಸದನ್ನು ತಂದೆ. ನಾಲ್ಕು ಬಾಟಲಿ ಇಂಕ್ ಸುರಿದು ಒಂದು ಹಾಳೆ ತೆಗೆದೆ. ಸದ್ದಿಲ್ಲದೆ ಬಂತು. ಅದನ್ನು ತೋರಿಸಲು ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಆಂಟಾಪ್ ಹಿಲ್‌ನಲ್ಲಿದ್ದ ಅವನ ಒಂದೇ ಕೋಣೆಯ ಖೋಲಿಗೆ ಹೋದೆ. ಹುಬ್ಬಿನ ಮೇಲೆ ಪಟ್ಟಿ, ಕಣ್ಣಿನ ಸುತ್ತ ಕಪ್ಪು. ಅಕ್ಕಿಕಾಳಿನ ವಿಷಯ ಪೂರ್ತಿ ಹೇಳಿದೆ. ಹೊಸ ಪ್ರಿಂಟರ್ ಬಂದದ್ದನ್ನೂ ಹೇಳಿದೆ. ಕೊನೆಗೆ ಕೆನ್ನೆ ಮುಂದೊಡ್ಡಿ, "ನೀನೂ ಹೊಡಿ" ಅಂದೆ. ಹೊಡೆಯುವುದಿಲ್ಲ ಎಂಬ ಧೈರ್ಯ ಇತ್ತು. ಅತ್ತು ತಬ್ಬಿಕೊಳ್ಳುತ್ತಾನೆ, ಚಹಾ ಕುಡಿದು ಇಬ್ಬರೂ ಅಂಗಡಿಗೆ ಹೋಗುತ್ತೇವೆ ಎಂದುಕೊಂಡಿದ್ದೆ.

ಹೊಡೆದ. ಕಿವಿ ಗುಂಯ್ ಎಂದಿತು. ಎರಡನೆಯ ಏಟಿಗೆ ಗೋಡೆಗೆ ಹೋಗಿ ಬಡಿದೆ, ಬಾಯಲ್ಲಿ ರಕ್ತ ಬಂತು. ಒಲೆಯ ಮುಂದಿದ್ದ ಅವನ ಹೆಂಡತಿ ತಿರುಗಿ ನೋಡಿದಳು, ತಡೆಯಲಿಲ್ಲ. ಮೂರನೆಯದಕ್ಕೆ ಎತ್ತಿದ ಕೈಯನ್ನು ಅವನೇ ಇಳಿಸಿ, ಮಂಚದ ಮೇಲೆ ಕುಳಿತ.

"ಹೊಡದ್ರ ಹಗುರಾಗ್ತೈತಿ ಅನ್ಕೊಂಡಿದ್ದೆ," ಎಂದ. "ಏನೂ ಆಗಲಿಲ್ಲ. ನಿನಗ ಹಗುರ ಆಗತಿತ್ತೇನಣ್ಣಾ?"

ಇಲ್ಲ ಎನ್ನಬಹುದಿತ್ತು. ಅಂದಿದ್ದರೆ ಅಂಗಡಿಗೆ ಬಂದೇ ಬರುತ್ತಿದ್ದ, ಅವನು ಅಂಥವನು.

"ಆಗತಿತ್ತು," ಅಂದೆ. "ಪ್ರತಿ ಸಲ."

ಅವನು ಎದ್ದು ಬಾಗಿಲು ತೆಗೆದು, ನಾನು ಹೊರಗೆ ಹೋಗುವವರೆಗೂ ಅದನ್ನು ಹಿಡಿದು ನಿಂತಿದ್ದ.