ಚಿಕ್ಕಮ್ಮನಿಗೆ ಹೇಳದ ಮಾತು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಡವನಹಳ್ಳಿಯಲ್ಲಿ ನರ್ಸಾಗಿದ್ದೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ದೊಡ್ಡೇರಿ ಕಡೆಯ ಹಳ್ಳಿಯಲ್ಲಿದ್ದಳು. ಕುರಿಗಳ ಹಿಂದೆ ದಿನವಿಡೀ ಗುಡ್ಡ ಹತ್ತಿ ಇಳಿಯುತ್ತಿದ್ದವಳು ಆ ವರ್ಷ ಬಾಗಿಲು ದಾಟುವಷ್ಟರಲ್ಲೇ ಏದುಸಿರು ಬಿಡತೊಡಗಿದಳು. ಮುಖ ಬಿಳಿಚಿ, ಅದರ ಮೇಲೊಂದು ತೆಳು ಹಳದಿ ಇತ್ತು. ನಾಲಗೆ ಕೆಂಪಗೆ, ನುಣ್ಣಗೆ.

“ಕಾಲು ನೆಲದ್ ಮ್ಯಾಲೈತೋ ಇಲ್ವೋ ಗೊತ್ತಾಗಾಕಿಲ್ಲ ಕಣಮ್ಮ. ಹತ್ತಿ ಮ್ಯಾಲೆ ನಡ್ದಂಗಾಗ್ತೈತೆ,” ಅಂದಳು.

ಕಬ್ಬಿಣದ ಮಾತ್ರೆ ಕೊಟ್ಟೆ. ಏನೂ ಆಗಲಿಲ್ಲ. ಬೆಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ವರಾಂಡಕ್ಕೆ ಕರೆದರು.

“ಹೊಟ್ಟೆಯ ಒಳಪದರ ಸವೆದುಹೋಗಿದೆ. ಊಟದಲ್ಲಿರೋ ಬಿ ಹನ್ನೆರಡು ವಿಟಮಿನ್ ಮೈಗೆ ಹತ್ತೋದಿಲ್ಲ, ಅದಕ್ಕೇ ರಕ್ತ ಕಮ್ಮಿಯಾಗಿದೆ. ಇರೋವರೆಗೂ ತಿಂಗಳಿಗೊಂದು ಇಂಜೆಕ್ಷನ್ ಬೇಕು. ರಕ್ತ ಸರಿಹೋಗುತ್ತೆ, ಹೊಟ್ಟೆ ಸರಿಹೋಗೋದಿಲ್ಲ. ಎಲ್ಲರಿಗೂ ಅಲ್ಲ, ಆದರೆ ಇಂಥವರಿಗೆ ಮುಂದೆ ಹೊಟ್ಟೆಯ ಕ್ಯಾನ್ಸರ್ ಬರೋ ಸಂಭವ ಬೇರೆಯವರಿಗಿಂತ ಜಾಸ್ತಿ. ಊಟ ಸೇರದೇ ಹೋದರೆ, ತೂಕ ಇಳಿದರೆ ತಕ್ಷಣ ಕರ್ಕೊಂಡು ಬನ್ನಿ.”

ಒಳಗೆ ಹೋದಾಗ ಚಿಕ್ಕಮ್ಮ ಕೇಳಿದಳು, “ಏನಂದ್ರು?”

“ಇಂಜೆಕ್ಷನ್ ತಗೊಂಡ್ರೆ ವಾಸಿಯಾಗುತ್ತಂತೆ,” ಅಂದೆ. ಉಳಿದದ್ದನ್ನು ನುಂಗಿಕೊಂಡೆ.

ತಿಂಗಳಿಗೊಮ್ಮೆ ಸಿರಿಂಜು ಕುದಿಸಿ ಕೆಂಪು ಔಷಧಿ ಚುಚ್ಚಿ ಬರುತ್ತಿದ್ದೆ. ಎರಡೇ ತಿಂಗಳಿಗೆ ಮುಖಕ್ಕೆ ರಕ್ತ ಬಂತು. ಮತ್ತೆ ಕುರಿಗಳ ಹಿಂದೆ ಹೊರಟಳು. ಏಳು ವರ್ಷ ಹಾಗೇ ನಡೆಯಿತು. ಡಾಕ್ಟರ ಮಾತನ್ನು ನಾನು ಮರೆತಿರಲಿಲ್ಲ. ನೆನಪಿಸಿಕೊಳ್ಳಲು ಹೆದರುತ್ತಿದ್ದೆ.

ಎಂಟನೆಯ ವರ್ಷ ಅವಳು ತಟ್ಟೆಯಲ್ಲಿ ಅರ್ಧ ಮುದ್ದೆ ಬಿಡತೊಡಗಿದಳು. “ಎರಡು ತುತ್ತಿಗೇ ಹೊಟ್ಟೆ ತುಂಬ್ಕೊಂಡ್ಬುಡ್ತೈತೆ,” ಅಂದಳು. ರವಿಕೆ ತೋಳಿನಲ್ಲಿ ಸಡಿಲವಾಗಿದ್ದು ಕಣ್ಣಿಗೆ ಬಿತ್ತು. ರಕ್ತ ಕಡಿಮೆಯಾಗಿರಬೇಕು ಎಂದುಕೊಂಡು ತಿಂಗಳಿಗೆ ಎರಡು ಇಂಜೆಕ್ಷನ್ ಕೊಟ್ಟೆ. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದೇ ನನಗೆ ಬೇಕಿತ್ತು. ಮೂರು ತಿಂಗಳು ಹಾಗೇ ಕಳೆದವು. ಒಳಗೆ ರಕ್ತ ಸೋರಿ ಮಲ ಡಾಂಬರಿನಂತೆ ಕಪ್ಪಾದ ಮೇಲೆಯೇ ಬೆಂಗಳೂರಿನ ಬಸ್ಸು ಹತ್ತಿಸಿದ್ದು. ಹೊಟ್ಟೆಯಲ್ಲಿ ಕ್ಯಾನ್ಸರ್ ಗೆಡ್ಡೆ ಆಪರೇಷನ್‌ಗೆ ಸಿಗದಷ್ಟು ಹಬ್ಬಿತ್ತು.

ಊರಿಗೆ ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ, ಚಿಕ್ಕಪ್ಪ ಹೊರಗೆ ಹೋಗಿದ್ದಾಗ, ಕೇಳಿದಳು: “ಇಂಗಾಗ್ತೈತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತೇನೆ?”

“ಆಗಬೋದು ಅಂತ ಹೇಳಿದ್ರು, ಚಿಕ್ಕಮ್ಮ.”

“ಹೇಳಿದ್ರೆ ಏಳು ವರ್ಷ ಹೆದ್ರಿಕೊಂಡೇ ಬದುಕ್ತಿದ್ದೆ,” ಅಂದಳು. ನನಗೆ ಅಳು ಉಕ್ಕಿಬಂತು. ಆಗ ಅವಳು ಕೈ ಹಿಡಿದುಕೊಂಡು, “ಆದ್ರೂ ಹೇಳ್ಬೇಕಾಗಿತ್ತು ಕಣೆ,” ಅಂದಳು. ದನಿಯಲ್ಲಿ ಕೋಪವಿರಲಿಲ್ಲ.

ಮತ್ತೆ ಆ ಮಾತು ಎತ್ತಲಿಲ್ಲ. ಎರಡು ತಿಂಗಳಿಗೆ ತೀರಿಕೊಂಡಳು.

ತಿಥಿಯ ದಿನ ಚಿಕ್ಕಪ್ಪ ಬಂದವರಿಗೆಲ್ಲ ನನ್ನನ್ನು ತೋರಿಸಿ, “ಏಳು ವರ್ಷ ಉಳಿಸ್ಕೊಟ್ಟ ಮಗಳು ಇವ್ಳೇ,” ಅನ್ನುತ್ತಿದ್ದರು. ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ಅವರಿಗೆ ನಾನು ಇವತ್ತಿಗೂ ಏನೂ ಹೇಳಿಲ್ಲ.