ಟವರ್ ಸಿಗುವ ಬಂಡೆ

ವಿಶ್ರಾಂತಿ ಸಿಗಲೆಂದು ನಾವು ದ್ವೀಪಕ್ಕೆ ಕರೆದುಕೊಂಡು ಹೋದ ಹೆಂಗಸು ಒಂದೇ ಬಂಡೆಯ ಮೇಲೆ ನಿಂತು, ಅತ್ತೆಯ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ಫೋನಿನಲ್ಲಿ ಕೂಗಿ ಹೇಳುತ್ತಿದ್ದರೆ ಜೊತೆಯಲ್ಲಿದ್ದವರಿಗೆ ಏನನ್ನಿಸಬೇಕು? ನನಗಂತೂ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿದೆ. ಹದಿನಾಲ್ಕು ವರ್ಷ ಒಂದೇ ಮೇಜಿನ ಆಚೆ ಈಚೆ ನಿಂತು ಇಬ್ಬರೂ ಬಟ್ಟೆ ಮಡಚಿದ್ದೇವೆ.

ನಾವು ಕೆಲಸ ಮಾಡುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಮೇಲೆ ಆಪರೇಷನ್ ಥಿಯೇಟರಿನಲ್ಲಿ ಬಳಸಿದ ಕತ್ತರಿ, ಚಿಮುಟ, ಬಟ್ಟೆ ಎಲ್ಲ ನಮ್ಮಲ್ಲಿಗೆ ಇಳಿದು ಬರುತ್ತದೆ. ತೊಳೆದು, ಎಣಿಸಿ, ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿ, ಚೀಟಿ ಅಂಟಿಸಿ, ಹಬೆಯ ಯಂತ್ರದೊಳಗೆ ತಳ್ಳುತ್ತೇವೆ. ಒಳಗೇನಿದೆ, ಎಷ್ಟಿದೆ, ಯಾವತ್ತು ಕಟ್ಟಿದ್ದು, ಯಾರು ಕಟ್ಟಿದ್ದು ಎಂಬುದೆಲ್ಲ ಚೀಟಿಯ ಮೇಲಿರಬೇಕು. ಇವಳು ಕಟ್ಟಿದ ಗಂಟಾದರೆ ಡಾಕ್ಟರುಗಳು ಚೀಟಿಯನ್ನು ಎರಡನೇ ಸಲ ಓದುವುದಿಲ್ಲ. ಅದಕ್ಕೇ ಇಡೀ ಆಸ್ಪತ್ರೆಗೆ ಅವಳು ಗಂಟಕ್ಕ.

ಅವಳ ಮನೆಯೂ ಹಾಗೆಯೇ. ಫ್ರಿಜ್ಜಿನ ಡಬ್ಬಿಗೆ ಚೀಟಿ, ಬೀರುವಿನ ಒಂದೊಂದು ಅರೆಗೂ ಚೀಟಿ, ಸ್ವಿಚ್ಚುಗಳಿಗೆ ಸಹ ಚೀಟಿ. ಆ ಮನೆಯಲ್ಲಿ ಓದು ಬಾರದವರು ಯಾರೂ ಇಲ್ಲ, ಚೀಟಿ ಓದುವವರೂ ಇಲ್ಲ. ಗಂಡ, ಕಾಲೇಜಿಗೆ ಹೋಗುವ ಮಗಳು, ಮಂಡಿನೋವಿನ ಅತ್ತೆ, ಮೂವರೂ ಇದ್ದಲ್ಲಿಂದಲೇ "ಎಲ್ಲಿದೆ?" ಎಂದು ಕೂಗುತ್ತಾರೆ. ಇವಳು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದು ತೆಗೆದುಕೊಡುತ್ತಾಳೆ. ಕೊಟ್ಟಾದ ಮೇಲೆ "ಚೀಟಿ ಹಾಕಿದೀನಲ್ಲ" ಎಂದು ಗೊಣಗುತ್ತಾಳೆ. ಮೊದಲೇ ಗೊಣಗಿ, ಕೊಡದೆ ಸುಮ್ಮನಿರು ಎಂದು ನಾನು ಎಷ್ಟು ಬಡಿದುಕೊಂಡರೂ ಕೇಳಿದವಳಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯ ಹೊಸ ಕಟ್ಟಡದಲ್ಲಿ ನಮ್ಮ ವಿಭಾಗವನ್ನೇ ದೊಡ್ಡದು ಮಾಡಿದರು. ಕಿಟಕಿ ಇರುವ ಕೋಣೆಗಳು, ಪರದೆ ಮುಟ್ಟಿದರೆ ನಡೆಯುವ ಯಂತ್ರಗಳು. ಅದಕ್ಕೊಬ್ಬ ಮೇಲ್ವಿಚಾರಕಿ ಬೇಕು. ಆಯ್ಕೆಯಾದವಳು ಮೊದಲು ಬೇರೆ ಊರಿಗೆ ಹೋಗಿ ಆರು ವಾರ ತರಬೇತಿ ಪಡೆಯಬೇಕು. ಪಟ್ಟಿಯಲ್ಲಿ ಮೊದಲ ಹೆಸರು ಗಂಟಕ್ಕನದು, ಎರಡನೆಯದು ನನ್ನದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಸೋಮವಾರ ಬೆಳಿಗ್ಗೆ ಹತ್ತರೊಳಗೆ ಆಫೀಸಿಗೆ ಕೊಡದಿದ್ದರೆ ಕೆಲಸ ಮುಂದಿನ ಹೆಸರಿಗೆ ಹೋಗುತ್ತದೆ. ಮೂರು ವಾರದಿಂದ ಆ ಪತ್ರ ಸಹಿಯಿಲ್ಲದೆ ಅವಳ ಕೈಚೀಲದಲ್ಲಿ ಮಡಚಿಕೊಂಡು ಕೂತಿತ್ತು. ಕೇಳಿದರೆ ಒಂದೇ ಉತ್ತರ, "ಮನೆ ಯಾರು ನೋಡ್ಕೋತಾರೆ?"

ಅವಳು ಬೇಡವೆಂದರೆ ನಿನಗೇ ಲಾಭವಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆದರೆ ನನಗೆ ಗಂಟು ಕಟ್ಟಲು ಕಲಿಸಿದವಳೇ ಅವಳು. ಅವಳು ಕೆಳಗೆ ಕತ್ತರಿ ಎಣಿಸುತ್ತಿರುವಾಗ ಅವಳಿಗೆ ಬಂದ ಕುರ್ಚಿಯಲ್ಲಿ ನಾನು ಕೂರುವುದು ನನ್ನಿಂದಾಗದು ಎಂದುಕೊಂಡಿದ್ದೆ.

ದ್ವೀಪವನ್ನು ಪತ್ತೆ ಮಾಡಿದವಳು ಔಷಧಿ ಕೌಂಟರಿನ ಗೆಳತಿ. ಅವಳನ್ನು ನಾವು ಫಾರ್ಮಸಿ ಎಂದೇ ಕರೆಯುವುದು. ದುಡ್ಡು ಖರ್ಚಾಗದ ಸುಖ ಎಲ್ಲೆಲ್ಲಿ ಸಿಗುತ್ತದೆ ಎಂದು ಹುಡುಕುವುದೇ ಅವಳ ಹವ್ಯಾಸ. ಟೆಂಟು ಅವಳ ಅಣ್ಣನದು, ಒಲೆ ಪಕ್ಕದ ಮನೆಯವರದು, ದೋಣಿ ಆ ದ್ವೀಪದ ದೀಪಸ್ತಂಭಕ್ಕೆ ಸಾಮಾನು ಒಯ್ಯುವವನದು. ಶನಿವಾರ ಬೆಳಿಗ್ಗೆ ಇಳಿಸುತ್ತಾನೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು ಹತ್ತಿಸಿಕೊಳ್ಳುತ್ತಾನೆ.

"ಒಂದೇ ತೊಂದರೆ ಅಕ್ಕ," ಎಂದಳು ಫಾರ್ಮಸಿ. "ಅಲ್ಲಿ ಟವರ್ ಸಿಗಲ್ಲ."

ನನಗೆ ಬೇಕಾಗಿದ್ದೂ ಅದೇ. ಫೋನಿಲ್ಲ ಎಂದರೆ ಮನೆಯಿಲ್ಲ. ಒಂದು ದಿನ ಮನೆಯ ಕೂಗು ಕಿವಿಗೆ ಬೀಳದಿದ್ದರೆ ಇವಳ ಕೈ ತಾನಾಗಿ ಪೆನ್ನು ಹುಡುಕುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ.

ಸಾಮಾನೆಲ್ಲವನ್ನೂ ಗಂಟಕ್ಕ ತನ್ನ ಮನೆಗೆ ತರಿಸಿಕೊಂಡು, ಬಿಚ್ಚಿ, ಮತ್ತೆ ಎಂಟು ಹಸಿರು ಗಂಟುಗಳಾಗಿ ಕಟ್ಟಿದಳು. ಇದ್ದ ಚೀಲದಲ್ಲೇ ಟೆಂಟು ಚೆನ್ನಾಗಿತ್ತಲ್ಲ ಎಂದರೆ, "ಚೀಲದಲ್ಲಿ ಏನಿದೆ ಅಂತ ಹೊರಗಿಂದ ಗೊತ್ತಾಗಲ್ಲ" ಎಂದಳು. ಅಷ್ಟಕ್ಕೇ ನಿಲ್ಲಲಿಲ್ಲ. ತಾನಿಲ್ಲದಾಗ ಮನೆಯವರು ಬೀರು ಕೆದಕದಿರಲೆಂದು ಅವರ ಎರಡು ದಿನದ ಬಟ್ಟೆಗೂ ತಲೆಗೊಂದರಂತೆ ಅದೇ ಹಸಿರು ಗಂಟು ಕಟ್ಟಿ, ಆ ಎಂಟರ ಪಕ್ಕದಲ್ಲೇ ಬೆಂಚಿನ ಮೇಲೆ ಇಟ್ಟಳು. ಶನಿವಾರ ಬೆಳಿಗ್ಗೆ ಗಂಡ ಎಂಟು ಎಣಿಸಿ ಎಂಟನ್ನು ಟ್ಯಾಕ್ಸಿಗೆ ಹಾಕಿದ. ಎಣಿಕೆ ಸರಿಯಾಗಿತ್ತು.

ದ್ವೀಪ ಚೆನ್ನಾಗಿಯೇ ಇತ್ತು. ಬಿಳಿ ಮರಳು, ಸಾಲಾಗಿ ಮರಗಳು, ಮನುಷ್ಯರ ಸುಳಿವಿಲ್ಲ. ದೀಪಸ್ತಂಭ ಗುಡ್ಡದ ಆಚೆ ಬದಿಗಿತ್ತು. ದೋಣಿಯವನು ನಮ್ಮನ್ನು ಇಳಿಸಿ ಹೋದ ಮೇಲೆ ಟೆಂಟಿನ ಬಟ್ಟೆಯನ್ನು ಹರಡಿದೆವು. ಕಂಬಗಳ ಗಂಟು ಬಿಚ್ಚಬೇಕೆಂದು ಫಾರ್ಮಸಿ ಹುಡುಕಿದಳು. ಸಿಕ್ಕಿದ ಗಂಟಿನ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದಳು: "ಅತ್ತೆ. ನೈಟಿ ನಾಲ್ಕು, ಟವೆಲು ಎರಡು."

ಗಂಟನ್ನು ತಿರುಗಿಸಿ ಇನ್ನೊಂದು ಬದಿಯನ್ನೂ ನೋಡಿದಳು.

"ಚೀಟಿ ಹಾಕಿದ್ನಲ್ಲ," ಎಂದಳು ಗಂಟಕ್ಕ.

"ಓದೋರಿಗೆ ಅಕ್ಕ," ಎಂದೆ. "ಓದೋರಿಗೆ ಚೀಟಿ."

ಕೊನೆಗೆ ಟೆಂಟಿನ ಬಟ್ಟೆಯ ನಾಲ್ಕು ಮೂಲೆಗೆ ಅತ್ತೆಯ ನಾಲ್ಕು ನೈಟಿಗಳನ್ನು ಕಟ್ಟಿ, ಅವುಗಳ ತೋಳನ್ನು ಮರಗಳಿಗೆ ಬಿಗಿದೆವು. ನಡುವೆ ಬಟ್ಟೆ ಜೋತು ಬಿತ್ತು. ಒಳಗೆ ಮಲಗಬಹುದಿತ್ತು, ಏಳುವ ಹಾಗಿರಲಿಲ್ಲ. ಇರಲಿ, ಟವರಂತೂ ಇಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಸೌದೆ ಆರಿಸಲು ಹೋದ ಗಂಟಕ್ಕ ದಡದ ತುದಿಯ ಕಪ್ಪು ಬಂಡೆ ಹತ್ತಿದ್ದಳು. ಇಡೀ ದ್ವೀಪದಲ್ಲಿ ಟವರ್ ಸಿಗುವ ಒಂದೇ ಒಂದು ಜಾಗ, ಅದೂ ಇವಳ ಕಾಲಡಿಗೇ ಬರಬೇಕೆ?

ಹತ್ತಿರ ಹೋಗುತ್ತಿದ್ದಂತೆ ಗಂಡನ ದನಿ ನನಗೂ ಕೇಳಿಸಿತು. "ಅಮ್ಮನ ಬಟ್ಟೆ ಎಲ್ಲಿಟ್ಟಿದೀಯಾ? ಗಂಟು ಬಿಚ್ಚಿದ್ರೆ ಬರೀ ಕೋಲು ಬಂತು."

ಅಲ್ಲಿಂದ ಶುರುವಾಯಿತು ನೋಡಿ. ಬಟ್ಟೆ ಒಗೆಯುವ ಯಂತ್ರ ಯಾಕೆ ಗುಂಯ್‌ಗುಡುತ್ತಿದೆ, ಹಾಲು ಉಕ್ಕಿದೆ ಯಾವುದರಲ್ಲಿ ಒರೆಸಬೇಕು, ಅಜ್ಜಿಯ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ. ಕೆಳಗಿಳಿದು ಬಾ ಎಂದರೆ "ಇನ್ನೊಂದು ಫೋನ್ ಬರಬಹುದು" ಎಂದು ಅಲ್ಲೇ ನಿಲ್ಲುತ್ತಿದ್ದಳು. ನಾನು ಅವಳಿಗೆ ಊಟದ ತಟ್ಟೆ ಒಯ್ದು ಕೊಡುವಷ್ಟರಲ್ಲಿ ಇಲ್ಲಿ ಒಲೆಯ ಮೇಲಿನ ಅನ್ನ ಸೀದಿತ್ತು. ಫಾರ್ಮಸಿ ಮೂರು ಸಲ ಸಮುದ್ರಕ್ಕಿಳಿದು ಬಂದಳು. ಗಂಟಕ್ಕನ ಪಾದ ನೀರಿಗೆ ತಾಗಲಿಲ್ಲ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಾನೇ ಅವಳ ಕೈಚೀಲದಿಂದ ಪತ್ರ ತೆಗೆದುಕೊಂಡು ಹೋಗಿ ಅವಳ ಮುಂದೆ ಹಿಡಿದೆ.

"ಒಂದು ದಿನಕ್ಕೇ ಹಿಂಗೆ," ಎಂದಳು ಅವಳು. "ನೀನೇ ನೋಡಿದ್ಯಲ್ಲ. ಆರು ವಾರ ಹೋದ್ರೆ ಮನೆ ಉಳಿಯುತ್ತಾ?"

ಪತ್ರವನ್ನು ಮತ್ತೆ ಮಡಚಿದೆ. ಮನೆಯಿಂದ ಬಿಡಿಸಲೆಂದು ಇಷ್ಟು ದೂರ ಕರೆತಂದವಳಿಗೆ ನಾನೇ ಕೈಯಾರೆ ಸಾಕ್ಷಿ ಒದಗಿಸಿಕೊಟ್ಟಿದ್ದೆ. ಆ ರಾತ್ರಿ ಮರಳಿನ ಮೇಲೆ, ಮೂಗಿಗೆ ತಾಗುವ ಟೆಂಟಿನ ಕೆಳಗೆ ಹೇಗೆ ಮಲಗಿದೆವು ಎಂದು ದಯವಿಟ್ಟು ಕೇಳಬೇಡಿ.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅವಳು ಆಗಲೇ ಬಂಡೆಯ ಮೇಲಿದ್ದಳು. ಏಳಾಯಿತು, ಎಂಟಾಯಿತು. ಫೋನು ಬರಲಿಲ್ಲ. ಅವಳು ಅದನ್ನು ತಲೆಯ ಮೇಲೆತ್ತಿ ಹಿಡಿದಳು, ಆರಿಸಿ ಹಾಕಿದಳು, ನನ್ನ ಫೋನಿನಿಂದ ತನ್ನದಕ್ಕೇ ಕರೆ ಮಾಡಿ ನೋಡಿದಳು. ಟವರ್ ಚೆನ್ನಾಗಿಯೇ ಇತ್ತು. ಒಂಬತ್ತಕ್ಕೆ ತಡೆಯಲಾಗದೆ ತಾನೇ ಮನೆಗೆ ಹಚ್ಚಿದಳು. ಎತ್ತಿದ್ದು ಅತ್ತೆ.

"ಏನೂ ಇಲ್ಲಮ್ಮ, ಎಲ್ಲ ಆಯ್ತು," ಎಂದರು ಅವರು. "ನಾನು ಇವನ ಶರ್ಟು, ಪ್ಯಾಂಟು ಹಾಕ್ಕೊಂಡಿದೀನಿ, ಬಹಳ ಆರಾಮಿದೆ. ಎಲ್ಲಿದೆ ಎಲ್ಲಿದೆ ಅಂತ ಅಪ್ಪ ಮಗಳು ಪ್ರಾಣ ತಿಂತಿದ್ರು. ಕನ್ನಡಕ ಹಾಕ್ಕೊಂಡು ಚೀಟಿಯೆಲ್ಲ ಓದಿದೆ, ಎಲ್ಲ ಸಿಕ್ತು. ಎಷ್ಟು ಚೆನ್ನಾಗಿ ಬರ್ದಿದೀಯೇ. ಇಷ್ಟು ದಿನ ನೀನೇ ತಂದು ಕೈಗೆ ಕೊಡ್ತಿದ್ದೆ, ಓದೋ ಕೆಲಸ ಇರ್ಲಿಲ್ಲ. ನೀನು ಬೇಕಾದ್ರೆ ಇನ್ನೆರಡು ದಿನ ಇದ್ದು ಬಾ."

ನನಗೆ ಆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು. ಒಂದೇ ಉಸಿರಿಗೆ ಟೆಂಟಿಗೆ ಓಡಿ ಪತ್ರ, ಪೆನ್ನು ಎರಡನ್ನೂ ತಂದೆ. ಗಂಟಕ್ಕ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದಳು. ಸಂತೋಷದ ಮುಖವಲ್ಲ ಅದು.

"ನೀನಿಲ್ದೆ ಮನೆ ನಡೆಯಲ್ಲ ಅಂತ ಅವ್ರು ಅಂದಿದ್ರೆ ಚೆನ್ನಾಗಿತ್ತು," ಎಂದಳು.

"ಏನು?"

"ಮನೆ ನೆಪ ಕಣೆ." ಅವಳು ನನ್ನ ಕಡೆ ನೋಡಲಿಲ್ಲ. "ಹೊಸ ಕಟ್ಟಡಕ್ಕೆ ಒಂದ್ಸಲ ಹೋಗಿದ್ದೆ, ಯಾರೂ ಇಲ್ದಾಗ. ಆ ಪರದೆ ಮೇಲೆ ಏನೋ ಮುಟ್ಟಿದೆ. ಕೆಂಪು ದೀಪ ಬಂತು, ಕೂಗೋಕೆ ಶುರುವಾಯ್ತು. ಓಡಿ ಬಂದೆ. ಇಪ್ಪತ್ತು ವರ್ಷದಿಂದ ಎಲ್ರಿಗೂ ಹೇಳ್ಕೊಟ್ಟೋಳು ನಾನು. ಅಲ್ಲಿ ಹೋಗಿ ನನ್ನ ತಲೆಗೇ ಹತ್ತಲಿಲ್ಲ ಅಂದ್ರೆ, ವಾಪಸ್ ಬಂದು ಯಾವ ಮುಖ ಇಟ್ಕೊಂಡು ನಿಮ್ಮೆದುರಿಗೆ ನಿಲ್ಲಲಿ?"

ಮೂರು ವಾರ ಅತ್ತೆಯ ಮಂಡಿಯನ್ನು ಅಡ್ಡ ಇಟ್ಟುಕೊಂಡು ನಮ್ಮನ್ನು ಆಟವಾಡಿಸಿದವಳ ಮೇಲೆ ನನಗೆ ಬಂದ ಕೋಪ ಇಷ್ಟಷ್ಟಲ್ಲ. ಆಡಿದ್ದೆಲ್ಲವನ್ನೂ ಇಲ್ಲಿ ಬರೆಯಲು ಬರುವುದಿಲ್ಲ. ಬರೆಯಬಹುದಾದದ್ದು ಇಷ್ಟು: "ಮೊದಲನೇ ದಿನ ಹಬೆ ಯಂತ್ರದ ಬಾಗಿಲು ತೆಗೆಯೋಕೆ ಬರದೆ ನಾನು ಅತ್ತಿರ್ಲಿಲ್ವಾ? ಆಮೇಲೆ ಯಾವ ಮುಖ ಇಟ್ಕೊಂಡು ನಿನ್ನೆದುರಿಗೆ ನಿಂತೆ ನಾನು? ಇದೇ ಮುಖ ಇಟ್ಕೊಂಡು ಹದಿನಾಲ್ಕು ವರ್ಷದಿಂದ ನಿಂತಿದೀನಿ."

ದೂರದಲ್ಲಿ ದೋಣಿಯ ಸದ್ದು ಶುರುವಾಗಿತ್ತು. ಕೆಳಗೆ ಫಾರ್ಮಸಿ ಮರಗಳಿಂದ ನೈಟಿಗಳನ್ನು ಬಿಚ್ಚುತ್ತಿದ್ದಳು.

"ನಾನು ಬೇಡ ಅಂದ್ರೆ ಅದು ನಿನಗೆ ಬರುತ್ತೆ," ಎಂದಳು ಗಂಟಕ್ಕ, ಈಗ ನೇರವಾಗಿ ನನ್ನನ್ನೇ ನೋಡುತ್ತ. "ನೀನು ಆ ಯಂತ್ರ ನನಗಿಂತ ಬೇಗ ಕಲೀತೀಯ. ನಿಜ ಹೇಳು. ನಾನು ಸಹಿ ಹಾಕ್ಲಾ?"

ಹಾಕು ಎಂದೆ. ಆದರೆ ತಕ್ಷಣ ಅನ್ನಲಿಲ್ಲ. ನಡುವೆ ಒಂದು ಉಸಿರಿನಷ್ಟು ಹೊತ್ತು ಹೋಯಿತು. ಅಷ್ಟರಲ್ಲಿ ನಾನು ಹೊಸ ಕಟ್ಟಡದೊಳಗೆ ಹೋಗಿ, ಕಿಟಕಿ ಪಕ್ಕದ ಮೇಜಿನ ಮೇಲೆ ಕೈಯಾಡಿಸಿ, ಬಾಗಿಲ ಮೇಲೆ ನನ್ನ ಹೆಸರನ್ನೂ ಓದಿಕೊಂಡು ಬಂದಿದ್ದೆ. ಅವಳಿಗೆ ಅದು ತಿಳಿಯದೇ ಇರುತ್ತದೆಯೇ? ಕಣ್ಣಳತೆಯಲ್ಲೇ ಗಂಟಿನೊಳಗೆ ಒಂದು ಚಿಮುಟ ಕಡಿಮೆಯಿದೆ ಎಂದು ಹೇಳುವವಳು. ನನ್ನ ಮುಖವನ್ನು ಪೂರ್ತಿ ಓದಿ ಮುಗಿಸಿ, ಆಮೇಲೆ ಎದ್ದು ನಿಂತಳು.

"ತಿರುಗು," ಎಂದಳು.

ಬಂಡೆಯ ಮೇಲೆ ಬರೆಯಲು ಸಮತಟ್ಟಾದ ಜಾಗವಿರಲಿಲ್ಲ. ನಾನು ತಿರುಗಿ, ಮಂಡಿಯ ಮೇಲೆ ಕೈಯೂರಿ ಬೆನ್ನು ಬಗ್ಗಿಸಿದೆ. ಅವಳು ಪತ್ರವನ್ನು ನನ್ನ ಬೆನ್ನ ಮೇಲೆ ಹರಡಿ, ಗಾಳಿಗೆ ಹಾರದಂತೆ ಅಂಗೈಯಿಂದ ಒತ್ತಿ ಹಿಡಿದಳು. ಪೆನ್ನಿನ ಮೊನೆ ತಾಗಿತು. ನನಗೆ ಸಂತೋಷವಾಯಿತು, ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ಹೊಟ್ಟೆ ಉರಿಯಿತು, ಕಣ್ಣೀರು ಬಂತು, ತಡೆಯಲು ಹೋದರೆ ಭುಜ ಕುಲುಕತೊಡಗಿತು.

"ಅಲ್ಲಾಡ್ಬೇಡ ಕಣೆ," ಎಂದಳು ನಮ್ಮ ಹೊಸ ಮೇಲ್ವಿಚಾರಕಿ. "ಸಹಿ ಸೊಟ್ಟಗಾಗುತ್ತೆ."