ಗಂಗವ್ವನ ಅಗಲ ಮೂಗು

ಮರಿಲಿಂಗಮ್ಮನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಆಕೆಯ ಮೇಲಲ್ಲ, ಆಕೆಯ ಊರಿನ ಮೇಲೆ. ಆ ಊರಿನ ಶಾಲೆಯಲ್ಲಿ ಹದಿನಾರು ವರ್ಷದಿಂದ ಟೀಚರಾಗಿದ್ದೇನೆ, ಆಕೆಯ ಪಕ್ಕದ ಮನೆಯಲ್ಲೇ ಇದ್ದೇನೆ. ಸಿಟ್ಟು ಮಾಡಿಕೊಳ್ಳಲು ಅಷ್ಟು ಹಕ್ಕು ಸಾಕು. ನನ್ನ ಹೆಸರು ಶಾಯಿಸ್ತಾ.

ಊರು ಸುರಪುರ ತಾಲ್ಲೂಕಿನದು, ಕೃಷ್ಣೆಯ ದಂಡೆಯಲ್ಲಿದೆ. ಮರಿಲಿಂಗಮ್ಮನಿಗೆ ಐವತ್ತೆಂಟು. ಗಂಡ ಬದುಕಿದ್ದಾಗ ಅವನು ಬಲೆ ಬೀಸುತ್ತಿದ್ದ, ಈಕೆ ಮೀನಿನ ಬುಟ್ಟಿ ಹೊತ್ತು ಶಹಾಪುರದ ಸಂತೆಗೆ ಹೋಗುತ್ತಿದ್ದಳು. ಬುಟ್ಟಿ ವಾಸನೆ ಬರುತ್ತದೆ ಎಂದು ಕಂಡಕ್ಟರ್ ಹತ್ತಿಸಿಕೊಳ್ಳದಿದ್ದರೆ ಬಸ್ಸಿನ ಮುಂದೆ ರಸ್ತೆಯಲ್ಲೇ ಕೂತುಬಿಡುತ್ತಿದ್ದಳು. ಗಂಡ ಹೋದ ಮೇಲೆ ಹತ್ತಿ ಬಿಡಿಸುವ ಕೂಲಿಗೆ ನಿಂತಳು. ಕೂಲಿ ಬದಲಾಯಿತು, ಬಾಯಿ ಬದಲಾಗಲಿಲ್ಲ.

ಈ ಹೆಂಗಸೇ ವರ್ಷಕ್ಕೊಮ್ಮೆ ಊರಿಗೆ ದೇವಿಯನ್ನು ಕೊಡುತ್ತಿದ್ದಳು. ಸೀಗಿ ಹುಣ್ಣಿಮೆಯ ಹೊತ್ತಿಗೆ ಹೊಳೆ ಇಳಿದಿರುತ್ತದೆ. ಇಳಿದ ನೀರು ಬಿಟ್ಟುಹೋದ ಕರಿಮಣ್ಣನ್ನು ತಂದು ಗಂಗವ್ವನ ಮುಖ ಮಾಡಬೇಕು. ಮಾಡುವುದು ಅವರ ಮನೆಯ ಹೆಂಗಸರು ಮಾತ್ರ, ಅದೂ ಕಣ್ಣು ಮುಚ್ಚಿಕೊಂಡು. ಎಡಗೈಯಿಂದ ತನ್ನ ಮುಖ ಮುಟ್ಟಿಕೊಳ್ಳುತ್ತ ಬಲಗೈಯಿಂದ ಮಣ್ಣು ತಿದ್ದಬೇಕು. ಹಣೆ ಮುಟ್ಟಿದರೆ ಹಣೆ, ಮೂಗು ಮುಟ್ಟಿದರೆ ಮೂಗು. ಬಣ್ಣ ಬಳಿಯುವಂತಿಲ್ಲ, ಔಡಲೆಣ್ಣೆ ಸವರಿದರೆ ಮುಗಿಯಿತು. ಮೂವತ್ತು ವರ್ಷ ಗಂಗವ್ವನಿಗೆ ಇದ್ದದ್ದು ಮರಿಲಿಂಗಮ್ಮನ ಅತ್ತೆ ಮಲ್ಲಾಬಾಯಿಯ ಮುಖ. ಅತ್ತೆ ತೀರಿದ ಮೇಲೆ ಹನ್ನೊಂದು ವರ್ಷ ಮರಿಲಿಂಗಮ್ಮನ ಮುಖ. ಅಗಲ ಮೂಗು, ದಪ್ಪ ತುಟಿ, ಹೊಳೆಯ ಮಣ್ಣಿನದೇ ಬಣ್ಣ. ಊರಿನ ಅರ್ಧ ಜನ ಇರುವುದು ಹಾಗೆಯೇ.

ಹೋದ ವರ್ಷ ಮಳೆಗಾಲದಲ್ಲಿ ಆಕೆಗೆ ಚಿಕುನ್‌ಗುನ್ಯಾ ಬಂತು. ಜ್ವರ ಬಿಟ್ಟಿತು, ಬೆರಳ ಸಂದುಗಳು ಹಿಡಿದುಕೊಂಡದ್ದು ಬಿಡಲಿಲ್ಲ. ರೊಟ್ಟಿ ಬಡಿಯಲೂ ಆಗದ ಕೈಯಲ್ಲಿ ದೇವಿಯ ಮುಖ ಹೇಗೆ ಮಾಡುವುದು? ಇನ್ನು ಮಗಳು ನಂದಿನಿಯೇ ಮಾಡಬೇಕು. ನಂದಿನಿಗೆ ಇಪ್ಪತ್ತೆರಡು, ಶಹಾಪುರದ ಒಂದು ದವಾಖಾನೆಯಲ್ಲಿ ನರ್ಸು. ತಾಯಿಯ ಪಡಿಯಚ್ಚು. ಆ ವರ್ಷ ಇಬ್ಬರು ವರರ ಕಡೆಯವರು ಬಂದು ಚಹಾ ಕುಡಿದು, ಹುಡುಗಿ ಕಪ್ಪು ಎಂದು ಹೇಳಿಕಳಿಸಿದ್ದರು.

ಹುಣ್ಣಿಮೆ ಎರಡು ವಾರ ಇದೆ ಅನ್ನುವಾಗ ಮಲ್ಲಾಬಾಯಿಯ ಕಿರಿಯ ಮಗ ಬಸವಂತ್ರಾಯ ಒಂದು ಪೆಟ್ಟಿಗೆ ಹೊತ್ತು ತಂದ. ಮರಿಲಿಂಗಮ್ಮನಿಗೆ ಮೈದುನ. ಕಡೇಚೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಗುಡಿಯ ಕಮಿಟಿಗೆ ಅಧ್ಯಕ್ಷ. ಗುಡಿಯ ಕಟ್ಟೆಯ ಮೇಲೆ ಎಲ್ಲರ ಮುಂದೆ ಪೆಟ್ಟಿಗೆ ಬಿಚ್ಚಿದ. ಹೈದರಾಬಾದಿನಲ್ಲಿ ಮಾಡಿಸಿದ ಫೈಬರ್ ದೇವಿ. ಹಾಲಿಗೆ ಗುಲಾಬಿ ಕಲಸಿದಂಥ ಬಣ್ಣ, ಚೂಪು ಮೂಗು, ಲಿಪ್‌ಸ್ಟಿಕ್ ಹಚ್ಚಿದ ತುಟಿ. ಜನ ಮೊಬೈಲ್ ಹಿಡಿದು ಮುಗಿಬಿದ್ದರು.

"ಮಣ್ಣಿನ ಮುಖ ನೋಡಿದ್ರ ಹುಡುಗ್ರು ಅಂಜ್ತಾವ," ಅಂದ ಬಸವಂತ್ರಾಯ. "ಆ ಕರಿ ಬಣ್ಣ, ಆ ಮೂಗು. ದೆವ್ವ ಕಂಡಂಗ ಆಗ್ತದ. ಲಕ್ಷಣ ಅಂದ್ರ ಇದು ನೋಡ್ರಿ."

ನಂದಿನಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಮುಖ ಮರೆಮಾಡಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮರಿಲಿಂಗಮ್ಮ ಜನರನ್ನು ಸರಿಸಿಕೊಂಡು ಮುಂದೆ ಹೋದಳು. "ನಿಮ್ಮವ್ವನ ಮುಖಕ್ಕ ಮೂವತ್ತು ವರ್ಷ ಕೈ ಮುಗಿದೀದಿ. ಈಗ ಅಕಿಗಿ ದೆವ್ವ ಅಂತೀಯಾ?"

"ಅವ್ವನ ಸುದ್ದಿ ಯಾಕ ವೈನಿ? ಕಾಲ ಬದಲಾಗ್ಯಾದ. ದೇವ್ರು ದೇವ್ರಂಗ ಕಾಣಬೇಕು."

"ದೇವ್ರು ಹ್ಯಾಂಗ ಕಾಣ್ತಾಳ, ನೋಡಿ ಬಂದೀದೇನು? ಈ ಗೊಂಬಿ ಯಾರ ಮಗಳು ಹೇಳು. ನಮ್ಮೂರಾಗ ಈ ಮೂಗಿನಾಕಿ ಒಬ್ಬಾಕಿನ್ನ ತೋರಿಸು, ನಾ ಇಲ್ಲೇ ಅಡ್ಡ ಬೀಳ್ತೀನಿ."

ಊರ ಹಿರಿಯ ಅಂಬಣ್ಣ ಎರಡೂ ಕಡೆಗೆ ನೋವಾಗದ ಹಾಗೆ ಒಂದು ಮಾತು ಹೇಳಿದ. ಹುಣ್ಣಿಮೆಯ ದಿನ ಹೊತ್ತು ಮುಳುಗುವುದರೊಳಗೆ ಮಣ್ಣಿನ ಮುಖ ಬಂದರೆ ಅದನ್ನೇ ಗದ್ದುಗೆಗೆ ಏರಿಸುವುದು. ಬರದಿದ್ದರೆ ಈ ವರ್ಷದಿಂದ ಫೈಬರ್ ದೇವಿಯೇ ಖಾಯಂ. ಬಸವಂತ್ರಾಯ ಕೂಡಲೇ ಒಪ್ಪಿದ. ವೈನಿಯ ಬೆರಳು ಬಗ್ಗುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

ನಮ್ಮಲ್ಲಿ ದೇವರಿಗೂ ಪೈಗಂಬರರಿಗೂ ಚಿತ್ರವೇ ಇಲ್ಲ, ಹಾಗಾಗಿ ಈ ಬಣ್ಣದ ಜಗಳ ನಮಗಿಲ್ಲ ಎಂದು ನಾನು ಬೀಗುತ್ತಿದ್ದ ಕಾಲವಿತ್ತು. ನನ್ನ ನಿಕಾಹದ ದಿನ ಗಂಡನ ಚಿಕ್ಕಮ್ಮ ನನ್ನ ಗದ್ದ ಎತ್ತಿ ನೋಡಿ 'ಲಡ್ಕಿ ಕಾಲಿ ಹೈ', ಹುಡುಗಿ ಕಪ್ಪು, ಅಂದಾಗ ಆ ಬೀಗು ಇಳಿಯಿತು. ನನ್ನ ಜೊತೆಯ ಟೀಚರ್ ಒಬ್ಬರ ಮನೆ ಸೈದಾಪುರದಲ್ಲಿದೆ, ಅವರ ಗೋಡೆಯ ಮೇಲೆ ಯೇಸುವಿನ ಕ್ಯಾಲೆಂಡರ್. ಚಿನ್ನದ ಕೂದಲು, ನೀಲಿ ಕಣ್ಣು. ಮರಳುಗಾಡಿನ ಅಂಚಿನ ಬಡಗಿ, ಬಿಸಿಲಲ್ಲಿ ನಡೆದೇ ಜೀವ ಸವೆಸಿದವನು, ಅಷ್ಟು ಬೆಳ್ಳಗೆ ಹೇಗಿದ್ದ? ಕೇಳಿದರೆ ಅವರು ನಕ್ಕು ಚಹಾ ಕೊಟ್ಟರು. ಕೃಷ್ಣನನ್ನು ಕರಿಯ ಎಂದೇ ಹಾಡುತ್ತಾರೆ, ಬಣ್ಣ ಹಚ್ಚುವಾಗ ಮಾತ್ರ ನೀಲಿ ಡಬ್ಬಿಗೆ ಕೈ ಹಾಕುತ್ತಾರೆ. ಎಲ್ಲರೂ ಒಂದೇ ದೋಣಿಯಲ್ಲಿದ್ದೇವೆ. ದೇವರನ್ನು ಎಲ್ಲೆಲ್ಲಿಂದಲೋ ಬೆಳ್ಳಗೆ ಮಾಡಿ ತರುತ್ತೇವೆ, ಆಮೇಲೆ ಮನೆಯ ಮಗಳನ್ನು ಆ ದೇವರ ಪಕ್ಕ ನಿಲ್ಲಿಸಿ ಕೊರತೆ ಹುಡುಕುತ್ತೇವೆ.

ಹುಣ್ಣಿಮೆ ಹತ್ತಿರ ಬಂದರೂ ನಂದಿನಿ ಒಪ್ಪಲಿಲ್ಲ. "ನನ್ನ ಮುಖ ದೇವಿಗಿ ಬ್ಯಾಡ ಬೇ," ಅಂದಳು. "ಕಾಕಾ ಅಂದಿದ್ದು ಖರೇನ ಅದ. ನಾ ದಿನಾ ಕನ್ನಡಿ ನೋಡ್ತೀನಿ." ಮರಿಲಿಂಗಮ್ಮ ಬೈದಳು, ಶಾಪ ಹಾಕಿದಳು, ಒಂದು ದಿನ ಊಟ ಬಿಟ್ಟಳು. ನಾನೂ ಪಾಠ ಮಾಡುವ ದನಿಯಲ್ಲಿ ಏನೇನೋ ಹೇಳಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮಾತು ಕೇಳಿ ಕೇಳಿ ಗಾಯವಾದವಳಿಗೆ ನಾವು ಕೊಟ್ಟದ್ದೂ ಮಾತೇ. ಹುಣ್ಣಿಮೆಯ ಮುಂಜಾನೆ, ತಾಯಿ ಸೊಟ್ಟ ಬೆರಳಲ್ಲೇ ಒಬ್ಬಳೇ ಮಣ್ಣು ತರಲು ಹೊರಟಾಗ, ನಂದಿನಿ ಬುಟ್ಟಿ ಕಸಿದುಕೊಂಡು ಮುಂದೆ ನಡೆದಳು.

ಮಧ್ಯಾಹ್ನ ಮೂವರೂ ಹೊಳೆಯ ಮರಳಿನಲ್ಲಿ ಕೂತಿದ್ದೆವು. ನಂದಿನಿ ಕಣ್ಣು ಮುಚ್ಚಿ, ಎಡಗೈಯನ್ನು ಹಣೆಗಿಟ್ಟು ಶುರುಮಾಡಿದಳು. ಹಣೆ ಅವಳದೇ ಬಂತು, ಕೆನ್ನೆ ಅವಳದೇ ಬಂತು. ಮರಿಲಿಂಗಮ್ಮ ನನ್ನ ಮೊಣಕೈ ಹಿಡಿದು ಹಿಗ್ಗಿನಿಂದ ಅಲುಗಾಡಿಸಿದಳು. ಆಮೇಲೆ ಎಡಗೈ ಮೂಗಿನ ಮೇಲೆ ಬಂತು. ಬೆರಳುಗಳು ಆ ಅಗಲ ಮೂಗನ್ನು ಸರಿಯಾಗಿಯೇ ಸವರಿದವು. ಬಲಗೈ ಮಾತ್ರ ಮಣ್ಣನ್ನು ಎರಡೂ ಕಡೆಯಿಂದ ಹಿಂಡಿ ಹಿಂಡಿ ಚೂಪು ಮಾಡಿತು. ಪೆಟ್ಟಿಗೆಯಿಂದ ಬಂದ ದೇವಿಯ ಮೂಗು ಅದೇ.

"ಇದು ಯಾರ ಮೂಗು?" ಅಂದಳು ಮರಿಲಿಂಗಮ್ಮ.

ನಂದಿನಿ ಕಣ್ಣು ಬಿಟ್ಟು ನೋಡಿ ಬೆಚ್ಚಿದಳು. "ನಾ ನಂದೇ ಮಾಡಾಕತ್ತಿದ್ನಲ್ಲ ಬೇ," ಅಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ.

ತಾಯಿ ಮಣ್ಣನ್ನು ಕಲಸಿ ಮುದ್ದೆ ಮಾಡಿ ಮತ್ತೆ ಮಗಳ ತೊಡೆಯ ಮೇಲಿಟ್ಟಳು. ನಂದಿನಿ ಮತ್ತೆ ಮಾಡಿದಳು, ಮತ್ತೆ ಚೂಪು ಮೂಗೇ ಬಂತು. ಮೂರನೆಯ ಸಲ ಅಳುತ್ತ ಮಾಡಿದಳು. ಆಗಲೂ ಅದೇ. ಅಷ್ಟರಲ್ಲಿ ಹೊತ್ತು ಆಚೆ ದಂಡೆಯ ಜಾಲಿಗಿಡಗಳ ಹಿಂದೆ ಇಳಿಯಿತು, ಗುಡಿಯ ಕಡೆಯಿಂದ ಹಲಗೆಯ ಸದ್ದು ಕೇಳಿಸಿತು. ಫೈಬರ್ ದೇವಿ ಗದ್ದುಗೆ ಏರಿದ್ದಳು.

ಊರಿಗೆ ಊರೇ ಎದುರು ನಿಂತಾಗ ಬಗ್ಗದಿದ್ದ ಮರಿಲಿಂಗಮ್ಮ ಆ ಮಣ್ಣಿನ ಮುಖವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದಳು. "ಟೀಚರಮ್ಮ, ಗದ್ದುಗಿ ಹಾಳಾಗಿ ಹೋಗ್ಲಿ," ಅಂದಳು. "ನನ್ನ ಮಗಳ ಮುಖ ಅಕಿ ಕೈಗೇ ಸಿಗವಲ್ದು. ಅದನ್ನ ಯಾರು ಒಯ್ದಾರ, ಹೇಳ್ರಿ."